ಹಿಮಗೊಡಲಿ, ಕೈಗೊಡಲಿ ಮತ್ತು ಅವು ಸಿಕ್ಕ ನೆಲ

(ಬಾದಾಮಿ–ಹುನಗುಂದ ಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಲಂಡನ್ ನಗರದಲ್ಲಿ ಆಲ್ಪೈನ್ ಕ್ಲಬ್ ಎಂಬ ಪರ್ವತಾರೋಹಿಗಳ ಸಂಸ್ಥೆಯಿದೆ. 1857ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಸಂಗ್ರಹದಲ್ಲಿ ಒಂದು ಹಳೆಯ ಹಿಮಗೊಡಲಿಯನ್ನು ಜೋಪಾನವಾಗಿ ಇರಿಸಲಾಗಿದೆ. ಹಿಮವನ್ನೇ ಕಾಣದ ಈ ಬಿಸಿಲುಸೀಮೆಯವರಿಗೆ ಹಿಮಗೊಡಲಿಯ ಪರಿಚಯ ಕಷ್ಟವೇನಲ್ಲ. ಇಳಕಲ್ಲಿನ ಸುತ್ತಿನ ಕಲ್ಲುಗಣಿಗಳಲ್ಲಿ ದುಡಿಯುವವರು ದಿನವೂ ಹಿಡಿಯುವ ಪಿಕಾಸಿಗೆ ಅದು ಹತ್ತಿರದ ನೆಂಟ. ಮರದ ಉದ್ದನೆಯ ಕಾವು. ಮೇಲೆ ಒಂದು ಬದಿಗೆ ಚೂಪಾದ ಮೊನೆ, ಇನ್ನೊಂದು ಬದಿಗೆ ಗುದ್ದಲಿಯಂತಹ ಅಗಲ ಬಾಯಿ. ಕಾವಿನ ಕೆಳತುದಿಗೆ ನೆಲಕ್ಕೆ ಊರಲು ಒಂದು ಕಬ್ಬಿಣದ ಮೊಳೆ. ಆರೋಹಿಯು ಇದರಿಂದಲೇ ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿಯುತ್ತಾನೆ, ಇದನ್ನೇ ಊರುಗೋಲು ಮಾಡಿಕೊಳ್ಳುತ್ತಾನೆ, ಜಾರಿದಾಗ ಇದರ ಮೊನೆಯನ್ನೇ ಹಿಮಕ್ಕೆ ನೆಟ್ಟು ಪ್ರಾಣ ಉಳಿಸಿಕೊಳ್ಳುತ್ತಾನೆ. ಆದ್ದರಿಂದ ಎತ್ತರದ ಹಿಮಪರ್ವತದಲ್ಲಿ ಒಂದು ಕೊಡಲಿ ಒಂಟಿಯಾಗಿ ಬಿದ್ದಿದೆಯೆಂದರೆ, ಅದನ್ನು ಹಿಡಿದಿದ್ದ ಕೈಗೆ ಏನಾಯಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಆಲ್ಪೈನ್ ಕ್ಲಬ್ಬಿನ ಆ ಕೊಡಲಿ ಅಂತಹ ಪ್ರಶ್ನೆಯನ್ನು ಹೊತ್ತು ಬಂದದ್ದು. 1924ರಲ್ಲಿ ಟಿಬೆಟಿನ ಕಡೆಯಿಂದ ಎವರೆಸ್ಟ್ ಏರಲು ಬಂದ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಅರ್ವಿನ್ ಎಂಬವರಿದ್ದರು. ಮ್ಯಾಲರಿಗೆ 37 ವರ್ಷ, ಅನುಭವಿ. ಅರ್ವಿನ್‌ಗೆ ಇನ್ನೂ 22 ವರ್ಷ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ, ಯಂತ್ರಗಳ ರಿಪೇರಿಯಲ್ಲಿ ನಿಪುಣ. ಆ ವರ್ಷದ ಜೂನ್ 8ರ ಮಧ್ಯಾಹ್ನ ಕೆಳಗಿನಿಂದ ನೋಡುತ್ತಿದ್ದ ಸಂಗಾತಿ ನೋಯೆಲ್ ಓಡೆಲ್ ಎಂಬ ಭೂವಿಜ್ಞಾನಿಗೆ, ಮೋಡ ಸರಿದ ಕೆಲವು ಕ್ಷಣಗಳಲ್ಲಿ, ಶಿಖರದ ಏಣಿನ ಮೇಲೆ ಎರಡು ಕಪ್ಪು ಚುಕ್ಕೆಗಳು ಚಲಿಸುವುದು ಕಾಣಿಸಿತು. ಮೋಡ ಮತ್ತೆ ಮುಚ್ಚಿತು. ಅವರಿಬ್ಬರೂ ಹಿಂದಿರುಗಲಿಲ್ಲ. ಅವರು ಶಿಖರವನ್ನು ಮುಟ್ಟಿದ್ದರೇ ಎಂಬುದು ಅಂದಿನಿಂದ ಇಂದಿನವರೆಗೂ ಇತ್ಯರ್ಥವಾಗದೆ ಉಳಿದಿದೆ.

ಒಂಬತ್ತು ವರ್ಷಗಳ ನಂತರ, 1933ರ ಮೇ 30ರಂದು, ಮತ್ತೊಂದು ತಂಡದ ಪರ್ಸಿ ವಿನ್-ಹ್ಯಾರಿಸ್ ಮತ್ತು ಲಾರೆನ್ಸ್ ವೇಜರ್ ಅದೇ ಏಣಿನತ್ತ ಹತ್ತುತ್ತಿದ್ದರು. ಸುಮಾರು 8,450 ಮೀಟರ್ ಎತ್ತರದಲ್ಲಿ, 'ಮೊದಲ ಮೆಟ್ಟಿಲು' ಎಂದು ಆರೋಹಿಗಳು ಕರೆಯುವ ಬಂಡೆಗೆ ಇನ್ನೂ ಇನ್ನೂರೈವತ್ತು ಗಜದಷ್ಟು ದೂರವಿರುವಾಗ, ಏಣಿನಿಂದ ಅರವತ್ತು ಅಡಿಯಷ್ಟು ಕೆಳಗಿನ ನುಣುಪಾದ ಕಲ್ಲುಹಾಸಿನ ಮೇಲೆ ಒಂದು ಹಿಮಗೊಡಲಿ ಬಿದ್ದಿರುವುದನ್ನು ವಿನ್-ಹ್ಯಾರಿಸ್ ಕಂಡರು. ಅದಕ್ಕಿಂತ ಹಿಂದೆ ಆ ಎತ್ತರಕ್ಕೆ ಆ ದಾರಿಯಲ್ಲಿ ಹೋದವರು ಮ್ಯಾಲರಿ ಮತ್ತು ಅರ್ವಿನ್ ಇಬ್ಬರೇ. ಇಳಿಯುವಾಗ ವಿನ್-ಹ್ಯಾರಿಸ್ ಆ ಕೊಡಲಿಯನ್ನು ಎತ್ತಿಕೊಂಡರು. ಅದು ಬಿದ್ದಿದ್ದ ಸ್ಥಳದಲ್ಲಿ ತಮ್ಮ ಕೊಡಲಿಯನ್ನು ಇಟ್ಟು ಬಂದರು. ಆ ಜಾಗದ ಎತ್ತರ, ಏಣಿನಿಂದ ಅದಕ್ಕಿದ್ದ ಅಂತರ, ಕೊಡಲಿ ಬಿದ್ದಿದ್ದ ರೀತಿ ಇವೆಲ್ಲವೂ ತಂಡದ ವರದಿಯಲ್ಲಿ ದಾಖಲಾದವು. ಉಸಿರಾಡುವುದೇ ಕಷ್ಟವಾದ ಎತ್ತರದಲ್ಲಿ ತೋರಿದ ಈ ಎಚ್ಚರವೇ ಇಂದಿನ ಉಪನ್ಯಾಸದ ವಿಷಯ.

ಮೊದಲು, ವಸ್ತುವೊಂದೇ ಏನು ಹೇಳಬಲ್ಲದೆಂದು ನೋಡಬೇಕು. ಕೊಡಲಿಯ ಲೋಹದ ಮೇಲೆ ಸ್ವಿಟ್ಜರ್‌ಲ್ಯಾಂಡಿನ ಟೇಶ್ ಎಂಬ ಊರಿನ ವಿಲಿಷ್ ಎಂಬ ತಯಾರಕನ ಮುದ್ರೆಯಿತ್ತು. ಮರದ ಕಾವಿನ ಮೇಲೆ ಒಂದರ ಪಕ್ಕ ಒಂದರಂತೆ ಮೂರು ಗೀರುಗಳಿದ್ದವು. ನಾಲ್ಕು ಮನೆಯ ಸಾಮಾನು ಒಂದೇ ಕಣದಲ್ಲಿ ಸೇರುವಲ್ಲಿ ರೈತನೂ ತನ್ನ ಗುದ್ದಲಿಯ ಕಾವಿಗೆ ಇಂತಹ ಗುರುತು ಕೊರೆಯುತ್ತಾನೆ. 1960ರ ದಶಕದ ಆರಂಭದಲ್ಲಿ ಅರ್ವಿನ್‌ನ ಮನೆಯವರಿಗೆ ಆತನ ಹಳೆಯ ಬೆತ್ತವೊಂದು ದೊರೆತಾಗ, ಅದರ ಮೇಲೆಯೂ ಅಂಥವೇ ಮೂರು ಗೀರುಗಳಿದ್ದವು. ಹೀಗೆ ಕೊಡಲಿ ಅರ್ವಿನ್‌ನದೆಂದು ಬಹುಮಟ್ಟಿಗೆ ತೀರ್ಮಾನವಾಯಿತು. ವಸ್ತು ತನ್ನ ಒಡೆಯ ಯಾರೆಂದು ಹೇಳಿತು. ಅದರಾಚೆ ಅದು ಮೌನ.

ಉಳಿದುದನ್ನೆಲ್ಲ ಹೇಳಿದ್ದು, ಹೇಳುತ್ತಿರುವುದು, ಅದು ಸಿಕ್ಕ ಸ್ಥಳ. ಇಬ್ಬರೂ ಕನಿಷ್ಠ ಅಲ್ಲಿಯವರೆಗೆ ಏರಿದ್ದರೆಂದು ಸ್ಥಳವೇ ಸಾಕ್ಷಿ ನುಡಿಯಿತು. ಇಲ್ಲಿ ಜಾರಿ ಬಿದ್ದಿರಬೇಕು ಎಂದು ಕೆಲವರೆಂದರು. ಕಲ್ಲುಹಾಸಿನ ಮೇಲೆ ಹಿಮಗೊಡಲಿಯಿಂದ ಉಪಯೋಗವಿಲ್ಲ, ಭಾರವೆಂದು ಅರ್ವಿನ್ ತಾನಾಗಿಯೇ ಕೆಳಗಿಟ್ಟಿರಬಹುದು ಎಂದು ಬೇರೆಯವರೆಂದರು. ಎರಡೂ ವಾದಗಳು ನಿಂತದ್ದು ಆ ಕಲ್ಲುಹಾಸಿನ ಇಳಿಜಾರಿನ ಮೇಲೆ, ಅಲ್ಲಿಂದ ಏಣಿಗೆ ಇರುವ ಅಂತರದ ಮೇಲೆ. ಮೊದಲ ಮೆಟ್ಟಿಲಿನ ಸಮೀಪ 1924ರ ಆಮ್ಲಜನಕದ ಸಿಲಿಂಡರೊಂದು 1991ರಲ್ಲಿ ಕಣ್ಣಿಗೆ ಬಿದ್ದು, 1999ರಲ್ಲಿ ಅದನ್ನು ಕೆಳಗೆ ತಂದಾಗ, ಇಬ್ಬರೂ ಕೊಡಲಿಯ ಜಾಗಕ್ಕಿಂತ ಮುಂದೆ ಹೋಗಿದ್ದರೆಂದು ತಿಳಿಯಿತು. ಅದೇ 1999ರ ಮೇ 1ರಂದು ಮ್ಯಾಲರಿಯ ದೇಹ ಸುಮಾರು 8,155 ಮೀಟರ್ ಎತ್ತರದಲ್ಲಿ ಪತ್ತೆಯಾಯಿತು. ಎಲ್ಲಿ ಹುಡುಕಬೇಕೆಂದು ಯೋಚಿಸುವಾಗ ಶೋಧಕರು ಗಣನೆಗೆ ತೆಗೆದುಕೊಂಡ ಆಧಾರಗಳಲ್ಲಿ 1933ರ ಆ ಗುರುತೂ ಒಂದು. ದೇಹದ ಮೇಲಿನ ಗಾಯಗಳನ್ನು ಕೊಡಲಿ ಸಿಕ್ಕ ಎತ್ತರದೊಂದಿಗೆ ಹೋಲಿಸಿ, ಅಷ್ಟು ಮೇಲಿನಿಂದ ಬಿದ್ದಿದ್ದರೆ ದೇಹ ಇನ್ನೂ ಜರ್ಜರಿತವಾಗಿರಬೇಕಿತ್ತು ಎಂಬ ಹೊಸ ವಾದವೂ ಹುಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಪರ್ವತದ ಬುಡದ ರಾಂಗ್‌ಬುಕ್ ಹಿಮನದಿಯಲ್ಲಿ, ಕರಗುತ್ತಿದ್ದ ಮಂಜುಗಡ್ಡೆಯೊಳಗಿಂದ ಒಂದು ಬೂಟು ಹೊರಬಂದಿತು. ಅದರೊಳಗಿನ ಕಾಲುಚೀಲಕ್ಕೆ ಅರ್ವಿನ್ ಹೆಸರಿನ ಪಟ್ಟಿಯನ್ನು ಹೊಲಿಯಲಾಗಿತ್ತು. ಲೆಕ್ಕಾಚಾರ ಮತ್ತೆ ಮೊದಲಾಯಿತು.

ಈಗ ಬೇರೊಂದು ರೀತಿಯಲ್ಲಿ ಯೋಚಿಸಿ ನೋಡಿ. ವಿನ್-ಹ್ಯಾರಿಸ್ ಆ ಕೊಡಲಿಯನ್ನು ಎತ್ತಿ ತಂದು, 'ಎವರೆಸ್ಟಿನಲ್ಲಿ ಎಲ್ಲಿಯೋ ಸಿಕ್ಕಿತು' ಎಂದಷ್ಟೇ ಹೇಳಿದ್ದರೆ? ಅದೇ ಮುದ್ರೆ, ಅದೇ ಮೂರು ಗೀರು, ಅದೇ ಗಾಜಿನ ಪೆಟ್ಟಿಗೆ ಎಲ್ಲವೂ ಇರುತ್ತಿದ್ದವು. ನೂರು ವರ್ಷಗಳ ವಿಚಾರ ಮಾತ್ರ ಇರುತ್ತಿರಲಿಲ್ಲ. ಸಂಗ್ರಹಾಲಯದಲ್ಲಿರುವುದು ಕೊಡಲಿಯ ಅರ್ಧ ಭಾಗ. ಇನ್ನರ್ಧ ಬೆಟ್ಟದಲ್ಲಿಯೇ ಇದೆ. ಬೆಟ್ಟದಲ್ಲಿರುವ ಅರ್ಧ ಕಳೆದುಹೋದರೆ, ಗಾಜಿನೊಳಗಿನ ಅರ್ಧ ಹಳೆಯ ಕಬ್ಬಿಣವಾಗುತ್ತದೆ.

ಎವರೆಸ್ಟಿನ ಈ ಕಥೆ ಬಾಗಲಕೋಟೆ ಜಿಲ್ಲೆಗೆ ಏಕೆ ಬೇಕು ಎಂದು ಕೇಳುವವರಿರಬಹುದು. ಈ ಜಿಲ್ಲೆಗೆ ಕೊಡಲಿ ಹೊಸದಲ್ಲ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಪರಶುರಾಮ ತನ್ನ ಕೊಡಲಿಯನ್ನು ತೊಳೆದಾಗ ಮಲಪ್ರಭೆ ಕೆಂಪಾಗಿ ಹರಿದಳೆಂದು ಹೇಳುವವರು, ಹೊಳೆಯ ದಂಡೆಯಲ್ಲಿರುವ ಕೊಡಲಿಯಾಕಾರದ ಬಂಡೆಯನ್ನು ಇಂದಿಗೂ ತೋರಿಸುತ್ತಾರೆ. ಪುರಾಣಕ್ಕೂ ಒಂದು ಸ್ಥಳ ಬೇಕಾಯಿತು ಎಂಬುದು ಗಮನಾರ್ಹ. ಆ ಪುರಾಣಕ್ಕಿಂತ ಎಷ್ಟೋ ಹಳೆಯದಾದ ಇನ್ನೊಂದು ಕೊಡಲಿ ಈ ನೆಲದಲ್ಲಿದೆ. ಅದೇ ಶಿಲಾಯುಗದ ಕೈಗೊಡಲಿ.

ಕೈಗೊಡಲಿಗೆ ಕಾವಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಲ್ಲನ್ನು ಎರಡೂ ಮುಖಗಳಲ್ಲಿ ಚಕ್ಕೆ ತೆಗೆದು, ಒಂದು ತುದಿಯನ್ನು ಚೂಪಾಗಿ, ಅಂಚುಗಳನ್ನು ಹರಿತವಾಗಿ ಮಾಡಿದ ಉಪಕರಣವದು. ಸೊಗಸಾಗಿ ಮೂಡಿದ ಕೈಗೊಡಲಿ ಬಾದಾಮಿ ಬೀಜದ ಆಕಾರದಲ್ಲಿರುತ್ತದೆ ಎಂದು ಎಲ್ಲ ದೇಶಗಳ ಪುರಾತತ್ತ್ವಜ್ಞರೂ ಬರೆಯುತ್ತಾರೆ. ಈ ಸೀಮೆಯಲ್ಲಿ ಅದಕ್ಕೆ ಒದಗಿದ್ದು ಮುಖ್ಯವಾಗಿ ಕ್ವಾರ್ಟ್ಸೈಟ್ ಎಂಬ ಗಟ್ಟಿಕಲ್ಲು. ಮರಳುಗಲ್ಲು ಭೂಗರ್ಭದ ಒತ್ತಡ ಮತ್ತು ಶಾಖಗಳಿಂದ ಬಿಗಿದು ಕ್ವಾರ್ಟ್ಸೈಟ್ ಆಗುತ್ತದೆ. ಕಲಾದಗಿಯ ಹೆಸರಿನಿಂದಲೇ ಪ್ರಪಂಚದ ಭೂವಿಜ್ಞಾನಿಗಳು ಗುರುತಿಸುವ ಈ ಸೀಮೆಯ ಶಿಲಾಶ್ರೇಣಿಯಲ್ಲಿ ಅದು ಹೇರಳವಾಗಿದೆ.

ಈ ಕಲ್ಲುಗಳ ಅರ್ಥವನ್ನು ಭಾರತದಲ್ಲಿ ಮೊದಲು ಗ್ರಹಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಮದರಾಸಿನ ಬಳಿಯ ಪಲ್ಲಾವರದಲ್ಲಿ, ಗರಸು ತೆಗೆಯಲು ತೋಡಿದ ಗುಂಡಿಯಿಂದ ಹೊರಚೆಲ್ಲಿದ ರಾಶಿಯಲ್ಲಿ, ಅವರಿಗೆ ಮೊದಲ ಶಿಲಾ ಉಪಕರಣ ದೊರೆಯಿತು. ಅಂದಿನ ದಿನಾಂಕ 1863ರ ಮೇ 30. ಎವರೆಸ್ಟಿನ ಕೊಡಲಿ ಸಿಕ್ಕಿದ್ದು ದಿನಕ್ಕೆ ದಿನ ಸರಿಯಾಗಿ 70 ವರ್ಷಗಳ ಬಳಿಕ. ಇದು ಆಕಸ್ಮಿಕ. ಆದರೆ 1933ರಲ್ಲಿ ವಿನ್-ಹ್ಯಾರಿಸ್‌ರ ಜೊತೆಗಿದ್ದ ವೇಜರ್ ಕೂಡ ಫೂಟ್‌ರಂತೆ ಭೂವಿಜ್ಞಾನಿಯಾಗಿದ್ದುದು ಅರ್ಥಪೂರ್ಣ. ಕಲ್ಲು ಯಾವ ಪದರದಲ್ಲಿ, ಯಾವ ಎತ್ತರದಲ್ಲಿ ಇತ್ತು ಎಂಬುದನ್ನು ಬರೆದಿಡದ ಭೂವಿಜ್ಞಾನವೇ ಇಲ್ಲ. ಪಲ್ಲಾವರದ ಕಲ್ಲು ಗುಂಡಿಯಿಂದ ಹೊರಬಿದ್ದಿದ್ದರಿಂದ ಅದು ಯಾವ ಪದರದ್ದೆಂದು ತಿಳಿಯುವಂತಿರಲಿಲ್ಲ. ಆದ್ದರಿಂದ ಫೂಟ್ ಹುಡುಕಾಟ ಮುಂದುವರಿಸಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್‌ರೊಡನೆ ಅತಿರಂಪಾಕ್ಕಂ ಎಂಬಲ್ಲಿ, ನೆಲದ ಪದರದೊಳಗೆ ಇದ್ದಲ್ಲಿಯೇ ಇದ್ದ ಉಪಕರಣಗಳನ್ನು ಕಂಡರು.

ಫೂಟ್ ಮುಂದೆ ಈ ಸೀಮೆಗೂ ಬಂದರು. ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯುತ್ತಿದ್ದ ಈ ಭಾಗದ ಭೂರಚನೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ಬಾದಾಮಿ ಸೀಮೆಯಲ್ಲಿ ಮಲಪ್ರಭೆಯ ದಂಡೆಯ ಖ್ಯಾಡ ಗ್ರಾಮದ ಬಳಿ ಅವರು ಶಿಲಾ ಉಪಕರಣಗಳನ್ನು ಗುರುತಿಸಿದರು. ಅವರ ಜೀವಮಾನದ ಸಂಗ್ರಹ 1904ರಲ್ಲಿ ಮದರಾಸು ಸರ್ಕಾರದ ವಸ್ತುಸಂಗ್ರಹಾಲಯಕ್ಕೆ ಸೇರಿತು. ಆ ಸಂಗ್ರಹದ ಯಾದಿಯಲ್ಲಿ ಉಪಕರಣಗಳನ್ನು ಜಿಲ್ಲೆ ಮತ್ತು ಊರುಗಳ ಪ್ರಕಾರ ವಿಂಗಡಿಸಲಾಗಿದೆ. ಊರಿನ ಹೆಸರಿದ್ದುದರಿಂದ ಮುಂದಿನವರು ಅದೇ ಊರಿಗೆ ಮರಳಿ ಬರಲು ಸಾಧ್ಯವಾಯಿತು. ಪುಣೆಯ ಡೆಕ್ಕನ್ ಕಾಲೇಜಿನಿಂದ ಆರ್. ವಿ. ಜೋಶಿ ಅವರು ಮಲಪ್ರಭಾ ಕಣಿವೆಯನ್ನು ಅಭ್ಯಸಿಸಿ 1955ರಲ್ಲಿ ಗ್ರಂಥ ಪ್ರಕಟಿಸಿದರು. ಆರ್. ಎಸ್. ಪಪ್ಪು ಅವರು ಘಟಪ್ರಭೆಯ ತೀರದ ಅನಗವಾಡಿಯಲ್ಲಿ ಕೆಲಸ ಮಾಡಿದರು; ಮೇಲಣ ಕೃಷ್ಣಾ ಕಣಿವೆಯನ್ನು ಕುರಿತ ಅವರ ಗ್ರಂಥ 1974ರದು. ಆ ಬಳಿಕ ರವಿ ಕೋರಿಶೆಟ್ಟರ್ ಮತ್ತು ಅವರ ಸಹ ಸಂಶೋಧಕರು ಮಲಪ್ರಭಾ ಕಣಿವೆಯ ಲಖಮಾಪುರದ ನೆಲೆಗಳನ್ನು ಅಭ್ಯಸಿಸಿದರು.

ನೆಲದ ಪದರ ಹೇಗೆ ಮಾತನಾಡುತ್ತದೆ? ಹೊಳೆಯ ದಂಡೆ ಕುಸಿದಲ್ಲಿ ನಿಂತು ನೋಡಿದರೆ ಕೆಳಗೆ ಗುಂಡುಕಲ್ಲು ಮತ್ತು ಜಲ್ಲಿಯ ಪದರ, ಮೇಲೆ ಹೂಳುಮಣ್ಣಿನ ಪದರ ಕಾಣಬಹುದು. ಜಲ್ಲಿಯೊಳಗಿನ ಕೈಗೊಡಲಿಯ ಅಂಚುಗಳು ಸವೆದು ದುಂಡಗಾಗಿದ್ದರೆ ಅದನ್ನು ಪ್ರವಾಹ ದೂರದಿಂದ ಉರುಳಿಸಿ ತಂದಿದೆ ಎಂದರ್ಥ. ಅಂಚು ಹರಿತವಾಗಿಯೇ ಉಳಿದು, ಸುತ್ತ ಅದೇ ಕಲ್ಲಿನ ಚಕ್ಕೆಗಳು ಹರಡಿದ್ದರೆ, ಅದನ್ನು ಮಾಡಿದವರು ಅಲ್ಲಿಯೇ ಕುಳಿತು ಕಲ್ಲು ಒಡೆದಿದ್ದರು. ನೆರೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ 1997ರಿಂದ 2001ರವರೆಗೆ ಕೆ. ಪದ್ದಯ್ಯ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಇಂತಹದೇ ದೃಶ್ಯ ತೆರೆದುಕೊಂಡಿತು. ಸುಣ್ಣದಕಲ್ಲಿನ ಹಾಸುಗಳು, ಬಡಿಗಲ್ಲುಗಳು, ಅರೆಬರೆ ಉಪಕರಣಗಳು, ಚಕ್ಕೆಗಳು ಇದ್ದಲ್ಲಿಯೇ ಇದ್ದವು. ಅದು ಆದಿಮಾನವರ ಕಲ್ಲುಗಣಿ ಮತ್ತು ಕಾರ್ಯಾಗಾರ ಎಂಬುದು ಅದರಿಂದಲೇ ತಿಳಿಯಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ. ಅಲ್ಲಿಯ ಕಲ್ಲುಗಳನ್ನು ಯಾರಾದರೂ ಚೀಲಕ್ಕೆ ತುಂಬಿ ಒಯ್ದಿದ್ದರೆ, ನೂರಾರು ಉಪಕರಣಗಳು ಉಳಿಯುತ್ತಿದ್ದವು, ಕಾರ್ಯಾಗಾರ ಅಳಿಯುತ್ತಿತ್ತು.

ಸ್ಥಳ ಉಳಿಯಬೇಕೆನ್ನಲು ಇನ್ನೂ ಬಲವಾದ ಕಾರಣವಿದೆ. ಅತಿರಂಪಾಕ್ಕಂನಲ್ಲಿ ಫೂಟ್ ನಿಂತಿದ್ದ 1863ರಲ್ಲಿ ಮಣ್ಣಿನ ಪದರದ ವಯಸ್ಸನ್ನು ಅಳೆಯುವ ವಿದ್ಯೆ ಯಾರ ಬಳಿಯೂ ಇರಲಿಲ್ಲ. ಆ ನೆಲ ಉಳಿದಿತ್ತು. ಶಾಂತಿ ಪಪ್ಪು ಮತ್ತು ಸಂಗಡಿಗರು ಅಲ್ಲಿಯೇ ಮತ್ತೆ ಅಗೆದು, ವಿಶ್ವಕಿರಣಗಳು ಕಲ್ಲಿನಲ್ಲಿ ಬಿಟ್ಟ ಗುರುತನ್ನೂ ಮಣ್ಣಿನಲ್ಲಿ ಹುದುಗಿದ ಭೂಕಾಂತದ ಗುರುತನ್ನೂ ಅಳೆದು, ಆ ಉಪಕರಣಗಳು ಕನಿಷ್ಠ 10 ಲಕ್ಷ ವರ್ಷ, ಬಹುಶಃ 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ತೋರಿಸಿದರು. ಈ ಪರೀಕ್ಷೆಗೆ ಸಂಗ್ರಹಾಲಯದ ಕಪಾಟಿನಲ್ಲಿದ್ದ ಕಲ್ಲು ಸಾಲುತ್ತಿರಲಿಲ್ಲ. ಪದರದೊಡನೆ ಕಲ್ಲು ಬೇಕಿತ್ತು. ನಾಳೆ ಯಾವ ವಿದ್ಯೆ ಬರುವುದೋ ಇಂದು ಹೇಳಲಾಗದು. ಅದು ಬಂದಾಗ ಮಲಪ್ರಭೆಯ ದಂಡೆಯಲ್ಲಿ ಅಳೆಯಲು ಪದರ ಉಳಿದಿರಬೇಕು.

ಉಳಿದೀತೇ ಎಂಬುದೇ ಪ್ರಶ್ನೆ. ಹೊಳೆಯ ಮರಳಿಗೆ ಬೇಡಿಕೆ ಇದೆ. ರಸ್ತೆಗೆ ಗರಸು ಬೇಕು, ಕಟ್ಟಡಕ್ಕೆ ಖಡಿ ಬೇಕು. ಜೆಸಿಬಿ ಯಂತ್ರ ಒಂದು ಮಡ್ಡಿಯನ್ನು ಸಮತಟ್ಟು ಮಾಡಲು ಕೆಲವೇ ದಿನ ಸಾಕು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳೊಂದಿಗೆ ಘಟಪ್ರಭೆಯ ತಗ್ಗು ದಂಡೆಗಳನ್ನೂ ಆವರಿಸಿದೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರ ನ್ಯಾಯಾಧಿಕರಣದ ತೀರ್ಪು ಅವಕಾಶ ನೀಡಿದೆ. ಏರಿದಂದು ಇನ್ನಷ್ಟು ದಂಡೆ ನೀರಿನಡಿ ಸೇರುವುದು. ಸಂರಕ್ಷಿತ ಗುಡಿ-ಗುಹೆಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಕಾನೂನು ಇದೆ. ಗೋಪುರವಿಲ್ಲದ, ಫಲಕವಿಲ್ಲದ, ಬರಿಯ ಕಲ್ಲು ಹರಡಿದ ಮಡ್ಡಿಗೆ ಆ ನೆರಳು ಸಾಮಾನ್ಯವಾಗಿ ತಲುಪುವುದಿಲ್ಲ. ಗುಡಿ ಒಡೆದರೆ ಊರು ಕೂಗುತ್ತದೆ. ಜಲ್ಲಿ ಪದರ ಲಾರಿಗೇರಿದರೆ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಎದುರುವಾದವನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ದೂರದೂರಕ್ಕೆ ಹೋಗುತ್ತದೆ. ಆ ಗಣಿಗಳಿಂದ ಒಲೆ ಉರಿಯುವ ಮನೆಗಳು ಅನೇಕ. ಮಳೆ ಕೈಕೊಟ್ಟ ವರ್ಷ ಹೊಲಕ್ಕಿಂತ ಗಣಿಯೇ ಕೂಲಿ ಕೊಟ್ಟದ್ದುಂಟು. ಲಕ್ಷಾಂತರ ವರ್ಷಗಳ ಹಿಂದಿನ ಕಲ್ಲಿಗಾಗಿ ಇಂದಿನ ಕೂಲಿ ಬಿಡಬೇಕೇ ಎಂಬ ಪ್ರಶ್ನೆ ಅನ್ಯಾಯದ್ದಲ್ಲ. ಉತ್ತರವೂ ಅಷ್ಟೇ ಸರಳವಾಗಿದೆ: ಎಲ್ಲ ಗುಡ್ಡಗಳನ್ನೂ ಮುಟ್ಟಬಾರದೆಂದು ಯಾರೂ ಕೇಳುತ್ತಿಲ್ಲ. ಎಲ್ಲಿ ಅಗೆದರೆ ಏನು ಅಳಿಯುವುದೆಂಬುದು ಅಗೆಯುವ ಮೊದಲು ತಿಳಿದಿರಲಿ ಎಂಬುದಷ್ಟೇ ಬೇಡಿಕೆ. ಒಂದು ಗುಂಡಿಯನ್ನು ನೂರು ಮಾರು ಆಚೆ ತೋಡಿದರೆ ಕೂಲಿ ಕಡಿಮೆಯಾಗುವುದಿಲ್ಲ. ಪದರ ಮಾತ್ರ ಉಳಿಯುತ್ತದೆ. ಯಾದಿಯೇ ಇಲ್ಲದಿದ್ದರೆ, ಆಚೆ ಎಂದರೆ ಎಲ್ಲಿ ಎಂದು ಹೇಳುವವರು ಯಾರು?

ಆ ಯಾದಿಯನ್ನು ಮಾಡಬಲ್ಲವರು ಗುಡ್ಡದ ಹಳ್ಳಿಗಳ ಜನರೇ. ಕುರಿ ಮೇಯಿಸುವವರಿಗೆ, ಸೌದೆಗೆ ಹೋಗುವ ತಾಯಂದಿರಿಗೆ, ಹೊಲದ ಬದು ಹಾಕುವವರಿಗೆ ಕಾಣುವಷ್ಟು ನೆಲ ಯಾವ ಪ್ರಾಧ್ಯಾಪಕರಿಗೂ ಕಾಣುವುದಿಲ್ಲ. ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಹಿಡಿದು ಏರಲು ಬರುವ ಶಿಲಾರೋಹಿಗಳಿಗೂ ಈ ಹೊಣೆ ಸಲ್ಲುತ್ತದೆ. ಬಾದಾಮಿಯ ಹತ್ತಿರದ ಸಿಡಿಲಫಡಿಯಂತಹ ಬಂಡೆಯ ಆಸರೆಗಳಲ್ಲಿ ಆದಿಮಾನವರ ಚಿತ್ರಗಳಿವೆ. ಅಂತಹ ಗೋಡೆಗಳ ಮೇಲೆ ಮೊಳೆ, ಸೀಮೆಸುಣ್ಣದ ಪುಡಿ, ಬೆವರಿನ ಕೈ ಬೀಳಬಾರದು. ಏರಲು ಬೇರೆ ಬಂಡೆಗಳು ಬೇಕಾದಷ್ಟಿವೆ.

ವಿದ್ಯಾರ್ಥಿಗಳು ಮಾಡಬೇಕಾದ ಕೆಲಸವನ್ನು ವಿನ್-ಹ್ಯಾರಿಸ್‌ರಿಂದಲೇ ಕಲಿಯಬಹುದು. ಅವರಿಗೆ ಮರಳಿ ಬರುವ ಭರವಸೆಯಿರಲಿಲ್ಲ, ಆದ್ದರಿಂದ ಎತ್ತಿ ತಂದರು. ಊರ ಮಡ್ಡಿಗೆ ನಾಳೆಯೂ ಹೋಗಬಹುದಾದ್ದರಿಂದ ಇಲ್ಲಿ ಎತ್ತುವುದೇ ಬೇಡ. ಎರಡೂ ಮುಖ ಚಕ್ಕೆ ತೆಗೆದ, ಅಂಚು ಹರಿತವಾದ ಕಲ್ಲು ಕಂಡರೆ ಅದನ್ನು ಇದ್ದಲ್ಲಿಯೇ ಬಿಡಬೇಕು. ಪಕ್ಕದಲ್ಲಿ ಅಳತೆಪಟ್ಟಿ ಅಥವಾ ಪೆನ್ನು ಇಟ್ಟು ಒಂದು ಚಿತ್ರ, ಹತ್ತು ಹೆಜ್ಜೆ ಹಿಂದೆ ಸರಿದು ಸುತ್ತಿನ ನೆಲದ ಇನ್ನೊಂದು ಚಿತ್ರ ತೆಗೆಯಬೇಕು. ದಿನಾಂಕ, ಹೊಲದ ಅಥವಾ ಗುಡ್ಡದ ಹೆಸರು, ಹತ್ತಿರದ ಹಳ್ಳ, ಗಿಡ ಅಥವಾ ಗುಡಿಯಿಂದ ಎಷ್ಟು ಹೆಜ್ಜೆ, ಮಣ್ಣು ಕರಿಯದೋ ಕೆಂಪೋ, ಕಲ್ಲು ಮೇಲೆ ಬಿದ್ದಿದೆಯೋ ದಂಡೆಯ ಪದರದಲ್ಲಿ ಹುದುಗಿದೆಯೋ ಎಂಬಿಷ್ಟನ್ನು ವಹಿಯಲ್ಲಿ ಬರೆಯಬೇಕು. ಅಗೆಯಬಾರದು, ತೊಳೆಯಬಾರದು, ಮಾರುವವರಿಗೆ ತೋರಿಸಬಾರದು. ಬರೆದುದರ ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟು, ಇನ್ನೊಂದನ್ನು ಪುರಾತತ್ತ್ವ ಇಲಾಖೆಗೆ ಕಳುಹಿಸಬೇಕು.

ಗುರುತಿಸುವುದು ಹೇಗೆಂದು ಕಣ್ಣಿಗೆ ರೂಢಿಯಾಗಬೇಕಾದರೆ ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಬಳಿಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಬೇಕು. ಅಲ್ಲಿ ಶಿಲಾ ಉಪಕರಣಗಳೂ ಸಿಡಿಲಫಡಿಯ ಮಾದರಿಯೂ ಇವೆ. ಸಂಗ್ರಹಾಲಯಕ್ಕೆ ಹೋದವರು ಸಾಮಾನ್ಯವಾಗಿ ಇದು ಎಷ್ಟು ಹಳೆಯದು, ಎಷ್ಟು ಬೆಲೆಬಾಳುವುದು ಎಂದು ಕೇಳುತ್ತಾರೆ. ಇದು ಎಲ್ಲಿ ಸಿಕ್ಕಿತು, ಆ ಜಾಗ ಈಗ ಹೇಗಿದೆ ಎಂದು ಕೇಳುವ ಅಭ್ಯಾಸ ಬೆಳೆಯಲಿ. ಮಲಪ್ರಭೆ, ಘಟಪ್ರಭೆಯರ ದಂಡೆಯ ಪ್ರತಿ ಊರಿನ ಶಾಲೆಯಲ್ಲಿಯೂ ಅಂತಹ ಒಂದು ವಹಿ ಈ ವರ್ಷವೇ ಆರಂಭವಾದರೆ, ಮುಂದೊಂದು ದಿನ ಗಣಿಯ ಅರ್ಜಿ ಗ್ರಾಮಸಭೆಯ ಮುಂದೆ ಬಂದಾಗ ತೆರೆದು ತೋರಿಸಲು ಊರಿನ ಕೈಯಲ್ಲಿ ಒಂದು ಪುಟವಿರುತ್ತದೆ.